ನಾಗಮ್ಮನಿಗೆ ಹಾಕಿದ ಲೆನ್ಸೇ ಬೇಕು

ಆ ಭಾನುವಾರ ಬೆಳಿಗ್ಗೆ ನಾನು ಕನ್ನಡಕ ಮರೆತು ವಿಹಾರಕ್ಕೆ ಹೋಗಿದ್ದೆ. ಶಹಾಪುರದ ನಮ್ಮ ಓಣಿಯ ಬುದ್ಧವಿಹಾರ ದೊಡ್ಡದೇನಲ್ಲ. ತಗಡಿನ ಮಾಡು, ಒಂದು ಉದ್ದನೆಯ ಜಮಖಾನ, ಮೂವತ್ತು ಜನ ಕೂತರೆ ತುಂಬಿಹೋಗುತ್ತದೆ. ವಂದನೆ ಮುಗಿದ ಮೇಲೆ ಧಮ್ಮದ ಪುಸ್ತಕದಿಂದ ಎರಡು ಪುಟ ಓದುವ ಕೆಲಸ ಹದಿನೆಂಟು ವರ್ಷದಿಂದ ನನ್ನದೇ. ಪುಸ್ತಕ ತೆರೆದೆ. ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ಪುಸ್ತಕವನ್ನು ದೂರ ಹಿಡಿದೆ, ಕಿಟಕಿಯ ಕಡೆ ತಿರುಗಿಸಿದೆ, ಗಂಟಲು ಸರಿಮಾಡಿಕೊಂಡೆ. ಜನ ಕಾಯುತ್ತಿದ್ದರು. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ನಾಗಮ್ಮ ಎದ್ದು ಬಂದಳು.

"ಕೊಡ್ರಿ ಇಲ್ಲಿ," ಅಂದಳು ಮೆಲ್ಲಗೆ.

ಕನ್ನಡಕವಿಲ್ಲದೆ, ನಿಂತಲ್ಲೇ, ಎಲ್ಲೂ ತಡವರಿಸದೆ ಎರಡು ಪುಟ ಓದಿ ಮುಗಿಸಿದಳು. ವಿಹಾರ ಸಮಿತಿಯ ಅಧ್ಯಕ್ಷರಾದ ಸಾಯಬಣ್ಣ ಮಾಸ್ತರು, "ನಾಗಮ್ಮಕ್ಕಾ, ಇಷ್ಟ ದಿನ ಈ ಧ್ವನಿ ಎಲ್ಲಿ ಇಟ್ಟಿದ್ರಿ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟಕ್ಕೆ ಕೂತಾಗ ಅವಳು "ಪಲ್ಯಾ ಹಾಕ್ಲೇನ್ರಿ?" ಅಂತ ಎರಡು ಸಲ ಕೇಳಿದರೂ ನಾನು ತಲೆಯೆತ್ತಲಿಲ್ಲ.

ಕಣ್ಣಿನ ಆಪರೇಷನ್ ಮಾಡಿಸಿಕೊಂಡವರು ತಮ್ಮ ಹೆದರಿಕೆ ಹೇಳಿಕೊಳ್ಳುತ್ತಾರೆ, ಪೊರೆ ತೆಗೆದ ಮೇಲಿನ ಸಂತೋಷ ಹೇಳಿಕೊಳ್ಳುತ್ತಾರೆ. ಹೊಟ್ಟೆಕಿಚ್ಚಿನ ಮಾತನ್ನು ಯಾರೂ ಆಡುವುದಿಲ್ಲ. ನನ್ನ ಬಲಗಣ್ಣಿನ ಕಥೆಯಲ್ಲಿ ಹೆದರಿಕೆ ಸ್ವಲ್ಪ, ಸಂತೋಷ ಸ್ವಲ್ಪ, ಉಳಿದದ್ದೆಲ್ಲ ಹೊಟ್ಟೆಕಿಚ್ಚೇ. ಅದನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ.

ನಾನು ಮರೆಪ್ಪ. ಸುರಪುರದ ಹತ್ತಿರದ ದೇವಾಪುರ ನನ್ನ ಹುಟ್ಟೂರು. ಕಾಲುವೆ ಬಂದಾಗ ಊರಿನ ಕೆಲವರ ಹೊಲಕ್ಕೆ ನೀರು ಬಂತು, ನನಗೆ ನೌಕರಿ ಬಂತು. ಕಾಲುವೆಯಲ್ಲಿ ನೀರು ಎಷ್ಟು ಹರಿಯುತ್ತಿದೆ ಎಂದು ಗೇಜಿನ ಕಂಬ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷ ದಂಡೆಯ ಮೇಲೆ ನಿಂತು ಅಂಕಿ ಓದಿದೆ. ನಿವೃತ್ತಿಗೆ ಒಂದು ವರ್ಷ ಇರುವಾಗ ಎಡಗಣ್ಣು ಮಂಜಾಯಿತು. ಒಂದು ದಿನ ಎಂಟನ್ನು ಮೂರು ಎಂದು ಓದಿ ಬರೆದೆ. ಕಾಲುವೆಯ ಕೊನೆಯ ಹೊಲಗಳ ರೈತರು ಆಫೀಸಿಗೆ ಬಂದು, "ಸಾಹೇಬ್ರ, ನೀರ ಕಂಬದಾಗ ಒಂದದ, ನಿಮ್ಮ ಬುಕ್ಕಿನಾಗ ಒಂದದ" ಎಂದು ಜಗಳಕ್ಕೆ ನಿಂತರು. ಆ ವಾರವೇ ಯಾದಗಿರಿಗೆ ಹೋಗಿ ಎಡಗಣ್ಣಿನ ಪೊರೆ ತೆಗೆಸಿಕೊಂಡು ಸಾಮಾನ್ಯ ಲೆನ್ಸ್ ಹಾಕಿಸಿಕೊಂಡೆ. ಅದರಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕು. ಬೇರೆ ಲೆನ್ಸುಗಳೂ ಇರುತ್ತವೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಬ್ಯಾಂಡೇಜು ತೆಗೆಸಿಕೊಂಡು ಬಸ್ಸಿನಲ್ಲಿ ವಾಪಸ್ ಬರುವಾಗ ಶಹಾಪುರದ ಗುಡ್ಡ ಕಂಡಿತು. ಮಲಗಿದ ಬುದ್ಧನಂತೆ ಕಾಣುವ ಆ ಗುಡ್ಡದ ಹಣೆ, ಮೂಗು, ಗದ್ದ ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಪಕ್ಕದವರು ನೋಡುತ್ತಾರೆ ಎಂಬ ನಾಚಿಕೆಯೂ ಇಲ್ಲದೆ ಅತ್ತುಬಿಟ್ಟಿದ್ದೆ. ಆ ಕಣ್ಣಿನಿಂದ ಮೂರು ವರ್ಷ ನಾನು ತೃಪ್ತನಾಗಿದ್ದೆ. ನಾಗಮ್ಮನ ಕಣ್ಣಿನ ಆಪರೇಷನ್ ಆಗುವವರೆಗೆ.

ನಮ್ಮ ಮಗಳು ಸುಜಾತಾ ಯಾದಗಿರಿಯಲ್ಲಿ ಹೈಸ್ಕೂಲು ಶಿಕ್ಷಕಿ. ಹೋದ ವರ್ಷ ಅವಳು ತಾಯಿಯನ್ನು ಅಲ್ಲಿನ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಲಬುರಗಿಯಿಂದ ವಾರಕ್ಕೆ ಎರಡು ದಿನ ಬರುವ ಡಾಕ್ಟರಮ್ಮ ಪರೀಕ್ಷೆ ಮಾಡಿ, ಎರಡೂ ಕಣ್ಣಿಗೆ ಮಲ್ಟಿಫೋಕಲ್ ಲೆನ್ಸ್ ಹೊಂದುತ್ತದೆ, ದೂರದ್ದೂ ಹತ್ತಿರದ್ದೂ ಕನ್ನಡಕವಿಲ್ಲದೆ ಕಾಣುತ್ತದೆ ಅಂದರು. ಒಂದು ತಿಂಗಳ ಅಂತರದಲ್ಲಿ ಎರಡೂ ಕಣ್ಣು ಆದವು.

ಅಲ್ಲಿಂದ ಮನೆಯ ವ್ಯವಹಾರ ಬದಲಾಯಿತು. ಮೊದಲು ಮೊಮ್ಮಗಳ ಸುದ್ದಿ ಬರೆದು ಸುಜಾತಾ ಮೊಬೈಲಿಗೆ ಕಳಿಸಿದರೆ ನಾಗಮ್ಮ ಅದನ್ನು ನನ್ನ ಕೈಗೆ ಕೊಟ್ಟು, "ಏನ್ ಬರದಾಳ ನೋಡ್ರಿ" ಅನ್ನುತ್ತಿದ್ದಳು. ಈಗ ತಾನೇ ಓದಿ ತಾನೇ ನಗುತ್ತಿದ್ದಳು. "ಏನದು?" ಅಂದರೆ, "ಏನಿಲ್ರಿ, ಚಾಳೀಸ ಹಾಕ್ಕೊಂಡ ಮ್ಯಾಲ ಓದ್ರಿ" ಅನ್ನುತ್ತಿದ್ದಳು. ಅವಳಿಗೆ ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಕನ್ನಡಕವನ್ನು ಎತ್ತಿ ಆಡಿದ ಆ 'ಚಾಳೀಸ' ಎಂಬ ಮಾತು ನನಗೆ ಮಾತ್ರ ಚುಚ್ಚುತ್ತಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬಂದ ಹುಡುಗಿಗೆ ಮದುವೆಯಾದ ಮೇಲೆ ಪೇಪರು ಓದಲು ಕಲಿಸಿದವನು ನಾನು. ಒತ್ತಕ್ಷರ ತಪ್ಪಿದರೆ ತಿದ್ದಿದವನು ನಾನು. ಈಗ ಅವಳು ನನಗಿಂತ ಮೊದಲು ಪೇಪರು ಓದಿ ಮುಗಿಸಿ, ಮಡಚಿ, ನನ್ನ ಮುಂದೆ ಇಡುತ್ತಿದ್ದಳು.

ನಾನು ಎಂಥೆಂಥ ಸಣ್ಣತನ ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅವಳು ಓದುತ್ತಿದ್ದರೆ ಕರೆಂಟು ಸುಮ್ಮನೆ ಉರಿಯುತ್ತದೆ ಎಂದು ದೀಪ ಆರಿಸುತ್ತಿದ್ದೆ. ಅವಳ ಕಣ್ಣು ಎಲ್ಲಾದರೂ ಸೋಲಲಿ ಎಂದು ಮಾತ್ರೆಯ ಪಟ್ಟಿ ತಂದು, "ಇದರ ತಾರೀಖು ಮುಗದದೇನು ನೋಡು" ಅನ್ನುತ್ತಿದ್ದೆ. ಅವಳು ಅದನ್ನು ಸ್ವಲ್ಪ ವಾರೆ ಮಾಡಿ ಬೆಳಕಿಗೆ ಹಿಡಿದು ಓದಿಬಿಡುತ್ತಿದ್ದಳು. ಒಂದು ದಿನ ಬೆಂಕಿಪೊಟ್ಟಣದ ಅಂಚಿನ ಅಕ್ಷರ ಓದಿಸಿದೆ. ಅದನ್ನೂ ಓದಿ, "ಇನ್ನೇನರ ಅದ ಏನ್ರಿ ಪರೀಕ್ಷೆಗಿ?" ಅಂದಳು.

ಆದರೆ ಇವೆಲ್ಲ ಆಟ. ನಿಜವಾದ ತಪ್ಪು ಮಾಡಿದ್ದು ಆ ಭಾನುವಾರದ ಎರಡು ವಾರಗಳ ನಂತರ.

ಮಳೆಗಾಲದ ಮೂರು ತಿಂಗಳು ನಮ್ಮ ವಿಹಾರದಲ್ಲಿ ಪ್ರತಿ ಸಂಜೆ ಓದು ನಡೆಯುತ್ತದೆ. ಆಷಾಢ ಹುಣ್ಣಿಮೆಗೆ ಶುರುವಾಗುವ ಈ ಓದಿಗೆ ಕೂಲಿ ಮುಗಿಸಿ ಬಂದವರು, ಶಾಲೆಯ ಮಕ್ಕಳು, ಮುದುಕಿಯರು ಎಲ್ಲ ಬರುತ್ತಾರೆ. ಓದುವವರಿಗೆ ಓಣಿಯಲ್ಲಿ ಒಂದು ಮರ್ಯಾದೆ ಇದೆ. ನಾಗಮ್ಮ ಮಗಳ ಮನೆಗೆ ಹೋಗಿದ್ದ ದಿನ ಸಾಯಬಣ್ಣ ಮಾಸ್ತರು ಮನೆಗೆ ಬಂದರು.

"ಮರೆಪ್ಪನವ್ರ, ಈ ಸಲ ನಾಗಮ್ಮಕ್ಕಗ ಓದಾಕ ಹೇಳ್ರಿ. ನಿಮ್ಮ ಕಣ್ಣಿಗೂ ಆರಾಮ ಸಿಗ್ತದ," ಅಂದರು.

ನನ್ನ ಬಾಯಿಂದ ಮಾತು ತಾನಾಗಿ ಬಂತು. "ಆಕಿಗಿ ಭಾಳ ಓದಬಾರದು ಅಂತ ಡಾಕ್ಟರ್ ಹೇಳ್ಯಾರ್ರಿ. ಕಣ್ಣಾಗ ನೀರ ಬರ್ತಾವ. ನಾನೂ ಕೇಳಿ ನೋಡೀನಿ, ಆಕಿನ ಒಲ್ಲೆ ಅಂದಾಳ."

ಒಂದೇ ಉಸಿರಿನಲ್ಲಿ ಮೂರು ಸುಳ್ಳು. ಮಾಸ್ತರು "ಹಂಗಾದ್ರ ಬ್ಯಾಡ ಬಿಡ್ರಿ" ಎಂದು ಚಹಾ ಕುಡಿದು ಹೋದರು. ಮರುದಿನ ಸುಜಾತಾಳಿಗೆ ಫೋನು ಮಾಡಿ ಹೇಳಿದೆ: "ನನ್ನ ಬಲಗಣ್ಣೂ ಪೂರಾ ಮಂಜಾಗ್ಯದ. ಜಲ್ದಿ ಡಾಕ್ಟರ್‌ಗೆ ತೋರ್ಸು. ಮತ್ತ ಕೇಳಿಲ್ಲಿ, ನಿಮ್ಮ ಅವ್ವಗ ಹಾಕಿದ ಲೆನ್ಸೇ ನನಗೂ ಬೇಕು."

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಹತ್ತು ಹತ್ತು ನಿಮಿಷಕ್ಕೆ ಕಣ್ಣಿಗೆ ಹನಿ ಹಾಕಿ ಕೂರಿಸುತ್ತಿದ್ದರು. ಪಾಪೆ ದೊಡ್ಡದಾಗುತ್ತ ಹೋದಂತೆ ಎದುರಿಗಿದ್ದವರ ಮುಖಗಳು ಕರಗಿ ದನಿಗಳಷ್ಟೇ ಉಳಿದವು. ನನ್ನ ಮಗ್ಗುಲಲ್ಲಿ ಕುರಿ ಉಣ್ಣೆಯ ವಾಸನೆಯ ಕಂಬಳಿ ಹೊದ್ದ ಒಬ್ಬರು ಕೂತಿದ್ದರು. ರಾಮಸಮುದ್ರದ ಬೀರಪ್ಪ, ಕುರಿ ಸಾಕುವವರು. ಅವರಿಗೂ ಒಂದು ಕಣ್ಣು ಆಗಿತ್ತು, ಇದು ಎರಡನೆಯದು.

"ಯಾವ ಲೆನ್ಸ್ ಹಾಕಿಸ್ಕೊಳ್ಳಾಕತ್ತೀರಿ?" ಅಂತ ಕೇಳಿದೆ.

"ಹಿಂದಕ ಹಾಕಿದ್ದು ಅದ ಅಲ್ರಿ, ಅಂಥದೇ. ನನಗ ಓದೂದು ಏನದ? ಗುಡ್ಡದ ಮ್ಯಾಲ ಬರೂದು ನಾಯೋ ತ್ವಾಳೋ ತಿಳದ್ರ ಸಾಕು. ಯಾವ ಕುರಿ ಕುಂಟಾಕತ್ತದ ಅಂತ ದೂರದಿಂದ ಕಂಡ್ರ ಮುಗೀತು."

ಅವರ ಮಾತು ಕೇಳಿ ನನಗೆ ಅವರ ಮೇಲೂ ಹೊಟ್ಟೆಕಿಚ್ಚಾಯಿತು. ತನಗೆ ಏನು ಬೇಕು ಎಂದು ಆ ಮನುಷ್ಯನಿಗೆ ಎಷ್ಟು ಸಲೀಸಾಗಿ ಗೊತ್ತಿತ್ತು!

ಡಾಕ್ಟರಮ್ಮ ಅವಸರದವರಲ್ಲ. ಅಳತೆ ತೆಗೆದರು, ಕಣ್ಣಿನ ಹಿಂದಿನ ಪರದೆ ನೋಡಿದರು. ಆಮೇಲೆ ನನ್ನನ್ನು, ನಾಗಮ್ಮನನ್ನು, ಸುಜಾತಾಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನೋಡ್ರಿ, ನಿಮ್ಮ ಮನಿಯವ್ರಿಗಿ ಎರಡೂ ಕಣ್ಣಿಗಿ ಒಂದೇ ನಮೂನಿ ಲೆನ್ಸ್ ಅದ. ನಿಮ್ಮ ಎಡಗಣ್ಣಾಗ ಬ್ಯಾರೆ ಅದ. ಬಲಗಣ್ಣಿಗಿ ಇದನ್ನ ಹಾಕಿದ್ರ ಎರಡೂ ಕಣ್ಣ ಕೂಡಿ ಕೆಲಸ ಮಾಡಾಕ ಕೆಲವ್ರಿಗಿ ತಿಂಗಳಗಟ್ಟಲೆ ಹಿಡೀತದ. ಕೆಲವ್ರಿಗಿ ಪೂರಾ ಹೊಂದೂದೇ ಇಲ್ಲ. ಕತ್ತಲಾದ ಮ್ಯಾಲ ದೀಪದ ಸುತ್ತ ಕೈಬಳಿಯಂಥ ಬೆಳಕಿನ ಬಳಿ ಕಾಣ್ತಾವ. ಬೆಳಕ ಕಡಿಮಿ ಇದ್ರ ಸಣ್ಣ ಅಕ್ಷರ ತೆಳ್ಳಗ ಆಗ್ತಾವ. ಚಾಳೀಸ ಹಾಕ್ಕೊಂಡು ಓದೂದು ನಿಮಗ ಅಷ್ಟು ತಕಲೀಫ್ ಆಗೇದೇನು?"

"ವಿಹಾರದಾಗ ಧಮ್ಮ ಓದ್ತೀನ್ರಿ. ಅದಕ್ಕ ಬೇಕು," ಅಂದೆ.

ನಾಗಮ್ಮ ಒಮ್ಮೆ ನನ್ನ ಕಡೆ ನೋಡಿ ನೆಲ ನೋಡಿದಳು. ಸುಜಾತಾ ಹೇಳಿದಳು: "ಅಪ್ಪಾ, ಅವ್ವನ ಕಣ್ಣ ಬ್ಯಾರೆ, ನಿನ್ನ ಕಣ್ಣ ಬ್ಯಾರೆ. ಎಡಗಣ್ಣಿನಂಥದೇ ಹಾಕಿಸ್ಕೋ. ನಿನಗ ಅದು ರೂಢಿ ಆಗ್ಯದ."

ಅಷ್ಟು ಸಾಕಾಯಿತು. "ನಿಮ್ಮ ಅವ್ವಗಾದ್ರ ಚೊಲೋದು, ನನಗಾದ್ರ ಇದ್ದದ್ದು ಸಾಕು, ಹೌದಿಲ್ಲೋ? ನನ್ನ ಎಡಗಣ್ಣ ಆಗೂ ಮುಂದ ನೀ ಎಲ್ಲಿದ್ದಿ? ಯಾವ ಲೆನ್ಸ್ ಅಂತ ಒಬ್ಬರರ ಕೇಳಿದ್ರೇನು?"

ಸುಜಾತಾಳ ಕಣ್ಣು ತುಂಬಿದವು. "ಆಗ ನಾ ಬಾಣಂತಿ ಇದ್ದೆ ಅಪ್ಪಾ. ಬರ್ತೀನಿ ಅಂದ್ರ ನೀನ ಬ್ಯಾಡ ಅಂದಿದ್ದಿ," ಅಂದಳು.

ನಿಜ, ಬೇಡ ಅಂದಿದ್ದೆ. ನಾಲ್ಕು ವರ್ಷ ಆ ಮಾತು ನನಗೆ ನೆನಪೇ ಇರಲಿಲ್ಲ. ಡಾಕ್ಟರಮ್ಮ ಕಾಗದ ಮಡಚಿ ನನ್ನ ಕೈಗೆ ಕೊಟ್ಟು, "ಪರದೆ ಚೊಲೋ ಅದ, ಹಾಕೂದಕ್ಕ ಅಡ್ಡಿಯೇನಿಲ್ಲ. ಆದ್ರ ಒಂದ ವಾರ ಮನ್ಯಾಗ ವಿಚಾರ ಮಾಡಿ ಬರ್ರಿ" ಅಂದರು.

ಆ ವಾರ ನಾನು ವಿಚಾರ ಮಾಡಲಿಲ್ಲ, ಹಟ ಹಿಡಿದೆ. ಒಂದು ಸಂಜೆ ಮಾತ್ರ ನಾಗಮ್ಮನನ್ನು ಕೇಳಿದೆ, "ನಿನಗ ದೀಪದ ಸುತ್ತ ಬಳಿ ಕಾಣ್ತಾವೇನು?"

"ಕಾಣ್ತಾವ್ರಿ. ಮೊದಮೊದಲ ಭಾಳ ಅಂಜಿದ್ದೆ. ಈಗ ರೂಢಿ ಆಗ್ಯದ."

ನಾನು ನಂಬಲಿಲ್ಲ. ಒಂದು ವರ್ಷದಲ್ಲಿ ಒಮ್ಮೆಯೂ ಹೇಳದವಳು ಈಗ ಹೇಳುತ್ತಿದ್ದಾಳೆ ಎಂದರೆ, ನನಗೆ ಅಂಥ ಕಣ್ಣು ಬರಬಾರದು ಎಂದೇ ಹೇಳುತ್ತಿದ್ದಾಳೆ ಅಂದುಕೊಂಡೆ. ಎದುರಿಗೆ ಕೂತು ನಿಜ ಹೇಳುತ್ತಿರುವ ಹೆಂಡತಿಯ ಮುಖದಲ್ಲಿ ನನ್ನದೇ ಮನಸ್ಸಿನ ಕೊಳೆ ಕಂಡೆ. "ನೋಡೂಣು ಬಿಡು" ಎಂದು ಎದ್ದುಹೋದೆ. ಮರುದಿನ ಅವಳೇ ಸುಜಾತಾಳಿಗೆ ಫೋನು ಮಾಡಿ, "ನಿಮ್ಮಪ್ಪನ ಮನಸಿಗಿ ಯಾವುದು ಬಂದದೋ ಅದನ್ನೇ ಹಾಕ್ಸು. ನಾಳಿಗಿ ಕೊರಗಬಾರದು" ಅಂದಳಂತೆ.

ಕಾರಹುಣ್ಣಿಮೆ ಕಳೆದ ವಾರ ಆಪರೇಷನ್ ಆಯಿತು. ಹಸಿರು ಬಟ್ಟೆ ಮುಖದ ಮೇಲೆ ಬಿದ್ದಾಗ ಉಸಿರು ಕಟ್ಟಿದಂತಾಯಿತು. ಎಡಗಣ್ಣಿನ ಸಲ ಇಷ್ಟು ಹೆದರಿರಲಿಲ್ಲ. ಆಗ ಕಳೆದುಕೊಳ್ಳಲು ಇದ್ದದ್ದು ಮಂಜು ಕಣ್ಣು. ಈಗ ಎಲ್ಲರ ಮಾತು ಮೀರಿ ಬಂದಿದ್ದೆ, ಕೆಟ್ಟರೆ ಯಾರ ಮುಖ ನೋಡಲಿ? ಪಕ್ಕದಲ್ಲಿ ನಿಂತ ನರ್ಸು ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಅವಳ ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ. ಆ ಕೈಯ ಬಿಸಿ ಮಾತ್ರ ಈಗಲೂ ನೆನಪಿದೆ. ಕಣ್ಣಿನ ಮೇಲೆ ತಣ್ಣಗೆ ನೀರು ಹರಿಯುತ್ತಿತ್ತು. ಮೇಲಿನ ಬೆಳಕು ಕೆಂಪಾಗಿ, ನೀಲಿಯಾಗಿ, ಒಡೆದು, ಮತ್ತೆ ಒಂದಾಯಿತು. "ಮುಗೀತ್ರಿ" ಅಂದರು ಡಾಕ್ಟರಮ್ಮ. ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಬೀರಪ್ಪ, "ಜೀವಂತ ಬಂದ್ರಲ್ಲ, ಹಂಗಾದ್ರ ನಾನೂ ಹೋಗ್ತೀನಿ" ಎಂದು ನಗಿಸಿದರು.

ಆ ರಾತ್ರಿ ಮಗಳ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಕಣ್ಣಿನ ಮೇಲಿನ ಮುಚ್ಚಳ ತೆಗೆದು, ಎದುರಿನ ಗೋಡೆಯ ಅಕ್ಷರ ಓದಿಸಿದರು. ಓದಿದೆ. ಆಮೇಲೆ ಕೈಗೆ ಒಂದು ಸಣ್ಣ ಕಾರ್ಡು ಕೊಟ್ಟರು. ಕನ್ನಡಕಕ್ಕಾಗಿ ಕೈ ಜೇಬಿಗೆ ಹೋಯಿತು. "ಬ್ಯಾಡ್ರಿ, ಹಂಗೇ ಓದ್ರಿ" ಅಂದರು. ಮೊದಲ ಸಾಲು, ಎರಡನೆಯ ಸಾಲು, ಮೂರನೆಯ ಸಾಲು. ಓದಿದೆ! ನಲವತ್ತೈದು ದಾಟಿದ ಮೇಲೆ ಮೊದಲ ಬಾರಿಗೆ ಬರಿಗಣ್ಣಿನಲ್ಲಿ ಕನ್ನಡ ಅಕ್ಷರ ಓದಿದೆ.

ಓದಿ ಮುಗಿಸಿದವನು ಮೊದಲು ಮಾಡಿದ್ದು ನಾಗಮ್ಮನ ಮುಖ ನೋಡಿದ್ದು. ಅವಳಿಗೂ ಹೊಟ್ಟೆ ಉರಿಯಲಿ ಎಂದು ನನ್ನ ಆಸೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಸಂತೋಷವಾಗಿತ್ತು. ನನಗೆ ಏನೋ ಮೋಸವಾದಂತೆ ಅನಿಸಿತು. ನಾನು ಇಷ್ಟು ದಿನ ಒಬ್ಬನೇ ಓಡುತ್ತಿದ್ದೆ, ಜೊತೆಗೆ ಯಾರೂ ಪಂದ್ಯಕ್ಕೆ ಬಂದಿರಲಿಲ್ಲ.

ಆ ಸಂಜೆ ಶಹಾಪುರದ ಬಸ್ಸು ಹಿಡಿದೆವು. ಭೀಮೆಯ ಸೇತುವೆ ದಾಟುವ ಹೊತ್ತಿಗೆ ಕತ್ತಲಾಗುತ್ತಿತ್ತು. ಎದುರಿಗೆ ಒಂದು ಲಾರಿ ಬಂತು. ಅದರ ಎರಡು ದೀಪಗಳ ಸುತ್ತ ಒಂದರೊಳಗೆ ಒಂದು ಮೂರು ಬಳಿಗಳು, ನಡುವಿನಿಂದ ಮುಳ್ಳಿನಂತೆ ಬೆಳಕಿನ ಕಡ್ಡಿಗಳು. ಹಿಂದೆ ಇನ್ನೊಂದು ಗಾಡಿ, ಅದಕ್ಕೂ ಮೂರು. ರಸ್ತೆ ತುಂಬ ಬಳಿಗಳು ಉರುಳಿಕೊಂಡು ಮೈಮೇಲೆ ಬಂದಂತೆ ಕಂಡಿತು. ಬಲಗಣ್ಣು ಮುಚ್ಚಿದರೆ ಎಲ್ಲ ಮೊದಲಿನಂತೆ, ತೆರೆದರೆ ಬಳಿ. ಕಣ್ಣು ಕೆಟ್ಟಿತು ಅಂದುಕೊಂಡೆ. ಡಾಕ್ಟರಮ್ಮ ಹೇಳಿದ್ದರು, ನಾಗಮ್ಮ ಹೇಳಿದ್ದಳು. ಹೇಳಿದ್ದು ಬೇರೆ, ಕಣ್ಣಾರೆ ಕಂಡದ್ದು ಬೇರೆ. "ಆರಾಮ ಇದ್ದೀರೇನ್ರಿ?" ಅಂತ ನಾಗಮ್ಮ ಕೇಳಿದಳು. "ಭೇಷ್ ಅದ," ಅಂದೆ.

ಮುಂದಿನ ಮೂರು ವಾರ ಆ 'ಭೇಷ್' ಎಂಬ ಮಾತನ್ನು ಕಾಯುವುದೇ ನನ್ನ ಕೆಲಸವಾಯಿತು. ಬಾಗಬಾರದು, ತಲೆಗೆ ನೀರು ಹಾಕಬಾರದು, ಗಟ್ಟಿ ರೊಟ್ಟಿ ಜಗಿಯಬಾರದು ಎಂದು ನಾಗಮ್ಮ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ಕೊಡುತ್ತಿದ್ದಳು. ದಿನಕ್ಕೆ ಆರು ಸಲ ಹನಿ ಹಾಕುವವಳು ಅವಳೇ. ಮೂರು ಬಾಟಲಿಗಳ ಮೇಲಿನ ಸಣ್ಣ ಅಕ್ಷರ ಓದಿ, ಯಾವುದು ಯಾವಾಗ ಎಂದು ನೋಡಿ, ನನ್ನ ಹಣೆ ಹಿಂದಕ್ಕೆ ಒತ್ತಿ ಹಿಡಿಯುತ್ತಿದ್ದಳು. ಯಾವ ಕಣ್ಣುಗಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತೋ ಅವು ನನ್ನ ಮುಖದ ಒಂದು ಗೇಣು ಮೇಲೆ ನಿಂತು ನನ್ನನ್ನು ಕಾಯುತ್ತಿದ್ದವು. ನಾನು ಹನಿ ಉರಿಯುತ್ತದೆ ಎಂಬ ನೆಪದಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹಗಲಿನಲ್ಲಿ ಬಾಗಿಲ ಬೆಳಕಿಗೆ ಪೇಪರು ಹಿಡಿದರೆ ಸಲೀಸಾಗಿ ಓದಬಹುದಿತ್ತು. ಒಳಗೆ ಬಲ್ಬಿನ ಕೆಳಗೆ ಅಕ್ಷರಗಳ ಹಿಂದೆ ನೆರಳು ಮೂಡುತ್ತಿತ್ತು. ಎರಡು ಕಣ್ಣೂ ಒಂದೊಂದು ದಿಕ್ಕಿಗೆ ಎಳೆದಂತಾಗಿ ತಲೆ ಭಾರವಾಗುತ್ತಿತ್ತು. ಎಡಗಣ್ಣು ಮುಚ್ಚಿ ಓದುವುದನ್ನು ಕದ್ದುಮುಚ್ಚಿ ಅಭ್ಯಾಸ ಮಾಡಿಕೊಂಡೆ. ಆಷಾಢ ಹುಣ್ಣಿಮೆ ಬಂತು. ಕಣ್ಣಿನ ನೆಪದಿಂದ ನಾನು ಓದಲು ಹೋಗಲಿಲ್ಲ. ಸಾಯಬಣ್ಣ ಮಾಸ್ತರು ತಾವೇ ಕೆಮ್ಮುತ್ತ ಕೆಮ್ಮುತ್ತ ಓದಲು ಶುರುಮಾಡಿದರು. ನಾಗಮ್ಮ ದಿನಾ ಸಂಜೆ ಹೋಗಿ ಕೇಳಿಕೊಂಡು ಬರುತ್ತಿದ್ದಳು. ನನಗೆ ಏನೂ ಹೇಳುತ್ತಿರಲಿಲ್ಲ.

ಒಂದು ಸಂಜೆ ಅವಳು ವಿಹಾರದಿಂದ ಬಂದವಳು ಒಳಗೆ ಹೋಗದೆ ನಾನು ಕೂತಿದ್ದ ಕಟ್ಟೆಯ ಮೇಲೆ ಕೂತಳು. ಎದುರಿನ ಕಂಬದ ದೀಪ ಹತ್ತಿತ್ತು.

"ಆ ದೀಪಕ್ಕ ಎಷ್ಟು ಬಳಿ ಕಾಣ್ತಾವ್ರಿ?" ಅಂದಳು.

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. "ಮೂರು," ಅಂದೆ.

"ನನಗ ಮೊದಲಿಗಿ ನಾಲ್ಕ ಕಾಣ್ತಿದ್ವು. ಈಗ ಒಂದ, ಅದೂ ತೆಳ್ಳಗ. ಯಾರಿಗಿ ಹೇಳಲಿ? ಸುಜಾತಾಗ ಹೇಳಿದ್ರ ತಾನ ಹಾಕ್ಸೀನಿ ಅಂತ ಕೊರಗತಾಳ. ನಿಮಗ ಹೇಳಿದ್ರ, ಕಂಡಿತಿಲ್ಲೋ ನಿನ್ನ ಲೆನ್ಸ್ ಅಂತಿದ್ರಿ."

ಹೌದು, ಹಾಗೇ ಅನ್ನುತ್ತಿದ್ದೆ. ಒಂದು ವರ್ಷ ಅವಳು ಒಬ್ಬಳೇ ಆ ಬಳಿಗಳನ್ನು ನೋಡುತ್ತ ಹೆದರಿಕೊಂಡು ಕೂತಿದ್ದಳು. ಪಕ್ಕದಲ್ಲೇ ಇದ್ದ ನಾನು ಅವಳ ಸುಖ ಎಣಿಸುತ್ತಿದ್ದೆ. ನನಗೆ ತಡೆಯಲಾಗಲಿಲ್ಲ. ಸಾಯಬಣ್ಣ ಮಾಸ್ತರಿಗೆ ಹೇಳಿದ ಸುಳ್ಳನ್ನೆಲ್ಲ ಹೇಳಿಬಿಟ್ಟೆ.

ಅವಳು ಅಲುಗಾಡಲಿಲ್ಲ. "ಗೊತ್ತದ. ಮಾಸ್ತರ ಹೆಂಡತಿ ಚಂದಮ್ಮ ಮರುದಿನಾನ ಕೇಳ್ಯಾಳ, ಯಾಕ ಒಲ್ಲೆ ಅಂದ್ರಿ ಅಂತ. ಏನ್ ಹೇಳ್ಲಿ? ಹೌದವ್ವ, ಕಣ್ಣಾಗ ನೀರ ಬರ್ತಾವ ಅಂದೆ."

"ನನ್ನನ್ನ ಯಾಕ ಕೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕಾದೆ. ಭಾಳ ದಿನ ಕಾದೆ." ಅವಳ ದನಿಯಲ್ಲಿದ್ದದ್ದು ದುಃಖವಲ್ಲ, ಸಿಟ್ಟು. ಮೂವತ್ತೈದು ವರ್ಷದಲ್ಲಿ ಆ ಸಿಟ್ಟನ್ನು ನಾನು ಎರಡು ಮೂರು ಸಲ ಕಂಡಿದ್ದೇನೆ. "ಕಣ್ಣ ನಿಮ್ಮವು, ನಿಮಗ ಬೇಕಾದ್ದು ಹಾಕಿಸ್ಕೊಂಡ್ರಿ. ನಾ ಒಂದ ಮಾತ ಅಂದಿಲ್ಲ. ಆದ್ರ ನನ್ನ ಹೆಸರಿಲೆ ನೀವು ಒಲ್ಲೆ ಅಂದ್ರಲ್ಲ, ಅದಕ್ಕ ಏನ್ ಅನಬೇಕು? ಓದೂದು ಕಲಸಿದವ್ರ ನೀವು. ಹೋಗಿ ಮಾಸ್ತರ ಮುಂದ ಖರೇದು ಹೇಳಿ ಬರ್ರಿ. ಅಲ್ಲೀತನಕ ಹನಿ ನೀವ ಹಾಕ್ಕೋರಿ."

ಮರುದಿನ ಬೆಳಿಗ್ಗೆ ನಾನೇ ಹನಿ ಹಾಕಿಕೊಳ್ಳಲು ಹೋದೆ. ಎರಡು ಹನಿ ಮೂಗಿನ ಮೇಲೆ, ಒಂದು ಮೀಸೆಯ ಮೇಲೆ ಬಿತ್ತು. ಅವಳು ಜೋಳ ಹಸನು ಮಾಡುತ್ತ ಕೂತವಳು ಎದ್ದು ಬರಲಿಲ್ಲ.

ಸಂಜೆ ಓದು ಶುರುವಾಗುವ ಮೊದಲು ವಿಹಾರಕ್ಕೆ ಹೋದೆ. ಮಾಸ್ತರನ್ನು ಬದಿಗೆ ಕರೆದು ಹೇಳಬಹುದಿತ್ತು. ಆದರೆ ಆ ಭಾನುವಾರ ಅವಳು ಓದಿದ್ದನ್ನು ಕೇಳಿದವರು ಎಲ್ಲರೂ ಅಲ್ಲಿದ್ದರು. ನಿಂತುಕೊಂಡೆ. ಜಮಖಾನದ ಅಂಚು ನೋಡುತ್ತ ಹೇಳಿದೆ, "ನಾಗಮ್ಮ ಓದಾಕ ಒಲ್ಲೆ ಅಂದಿಲ್ಲ. ಡಾಕ್ಟರೂ ಬ್ಯಾಡ ಅಂದಿಲ್ಲ. ನನಗ ಹೊಟ್ಟಿಕಿಚ್ಚ ಆಗಿತ್ತು. ಅದಕ್ಕ ಸುಳ್ಳ ಹೇಳಿದ್ದೆ. ತಪ್ಪಾಯ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಸಾಯಬಣ್ಣ ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಆಯ್ತು, ಕೂಡ್ರಿ ಮರೆಪ್ಪನವ್ರ," ಅಂದರು. ಆಮೇಲೆ ಹೆಂಗಸರ ಸಾಲಿನ ಕಡೆ ಪುಸ್ತಕ ಚಾಚಿದರು. ನಾಗಮ್ಮ ತಕ್ಷಣ ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ಸಾಕಷ್ಟು ಹೊತ್ತು ತೆಗೆದುಕೊಂಡು ಎದ್ದಳು.

ಆ ಮಳೆಗಾಲ ಪೂರ್ತಿ ಅವಳೇ ಓದಿದಳು. ನಾನು ಗಂಡಸರ ಸಾಲಿನಲ್ಲಿ ಕೂತು ಕೇಳಿದೆ. ಹದಿನೆಂಟು ವರ್ಷ ನಾನು ಓದಿದ್ದು ಗೇಜಿನ ಅಂಕಿ ಓದಿದಂತೆ, ಒಂದೇ ಸಮ. ಅವಳು ಒಂದು ಕಡೆ ನಿಲ್ಲುತ್ತಿದ್ದಳು, ಮುದುಕಿಯರಿಗೆ ತಿಳಿಯಲಿಲ್ಲ ಅನಿಸಿದರೆ ಹಿಂದಿನ ಸಾಲನ್ನು ಮತ್ತೆ ಓದುತ್ತಿದ್ದಳು. ಅವಳು ನನಗಿಂತ ಚೆನ್ನಾಗಿ ಓದುತ್ತಾಳೆ ಎಂದು ಒಪ್ಪಿಕೊಳ್ಳಲು ನನಗೆ ಶ್ರಾವಣ ಮುಗಿಯಬೇಕಾಯಿತು. ಸುಜಾತಾಳಿಗೆ ಫೋನು ಮಾಡಿ, ಬಾಣಂತಿಯ ಮೇಲೆ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಕೇಳಲು ಇನ್ನೂ ಒಂದು ವಾರ ಹಿಡಿಯಿತು. ಅವಳು, "ಹನಿ ಯಾರ ಹಾಕಾಕತ್ತಾರ?" ಎಂದಷ್ಟೇ ಕೇಳಿದಳು. "ನಿಮ್ಮ ಅವ್ವ," ಅಂದೆ. "ಹಂಗಾದ್ರ ಎಲ್ಲಾ ಬರೋಬ್ಬರಿ ಆಗ್ಯದ," ಎಂದು ನಕ್ಕಳು.

ಕಣ್ಣಿನ ವಿಷಯ ಕೇಳುವವರಿಗೆ ಹೇಳುವುದಿಷ್ಟು. ಐದು ತಿಂಗಳಾದ ಮೇಲೆ ಬಳಿಗಳು ತೆಳುವಾದವು, ಹೋಗಲಿಲ್ಲ. ಹಗಲಿನಲ್ಲಿ ಪೇಪರು, ಮೊಬೈಲು ಬರಿಗಣ್ಣಿನಲ್ಲಿ ಓದುತ್ತೇನೆ. ಸಂಜೆಯಾದರೆ ಸಣ್ಣ ಅಕ್ಷರಕ್ಕೆ ಈಗಲೂ ಕನ್ನಡಕ ಬೇಕು. ಕತ್ತಲಾದ ಮೇಲೆ ಸೈಕಲ್ ಮೋಟಾರು ನಡೆಸುವುದನ್ನು ಬಿಟ್ಟೆ. ಕೆಟ್ಟ ಕಣ್ಣಲ್ಲ, ಆದರೆ ನಾನು ಅಂದುಕೊಂಡಿದ್ದ ಕಣ್ಣೂ ಅಲ್ಲ. ಒಮ್ಮೆ ತಪಾಸಣೆಗೆ ಹೋದಾಗ ಬೀರಪ್ಪ ಸಿಕ್ಕಿದ್ದರು. ಅವರ ಕುರಿಗಳೆಲ್ಲ ಅವರಿಗೆ ಚೆನ್ನಾಗಿ ಕಾಣುತ್ತಿದ್ದವು. ಅವರನ್ನು ನೋಡಿ ಒಂದು ಗಳಿಗೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಈ ರೋಗಕ್ಕೆ ಆಪರೇಷನ್ ಇಲ್ಲ. ಬಂದಾಗ ಬಂತು ಎಂದು ನಾಗಮ್ಮನಿಗೆ ಹೇಳಿಬಿಡುತ್ತೇನೆ. ಹೇಳಿದರೆ ಅರ್ಧ ಇಳಿಯುತ್ತದೆ.

ಮೊನ್ನೆ ಸುರಪುರದಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಿದ್ದಳು. ಸುಜಾತಾಳ ಗೆಳತಿಯ ಅಕ್ಕ, ಅಂಗನವಾಡಿಯಲ್ಲಿ ಕೆಲಸ. ಅವಳಿಗೂ ಒಂದು ಕಣ್ಣು ಆಗಿದೆ, ಸಾಮಾನ್ಯ ಲೆನ್ಸು. ಎರಡನೆಯ ಕಣ್ಣಿಗೆ ಯಾವುದು ಹಾಕಿಸಲಿ ಎಂದು ಕೇಳಲು ಬಂದಿದ್ದಳು. ನಾಗಮ್ಮ ಚಹಾ ಕೊಟ್ಟು, ದೀಪದ ಬಳಿಗಳ ವಿಷಯ ಮುಚ್ಚಿಡದೆ ಹೇಳಿದಳು. ಬಂದವಳಿಗೆ ಅದು ರುಚಿಸಲಿಲ್ಲ.

"ಇರ್ಲಿ ಬಿಡ್ರಿ ಅತ್ತಿ. ನನಗ ಮಲ್ಟಿಫೋಕಲ್ಲೇ ಬೇಕು," ಅಂದಳು.

"ಯಾಕವ್ವ?" ಅಂದೆ ನಾನು.

ಅವಳು ಕಪ್ಪಿನಲ್ಲಿದ್ದ ಚಹಾ ನೋಡಿದಳು. "ಓದೂದು ಬರೆಯೂದು ಇರ್ತದಲ್ರಿ," ಅಂದಳು. ಕಪ್ಪು ಕೆಳಗಿಟ್ಟು, "ನಮ್ಮ ಮೈದುನನ ಹೆಂಡ್ತಿ, ನೆಗೆಣ್ಣಿ, ಹಾಕಿಸ್ಯಾಳ್ರಿ" ಅಂದಳು.

ನಾಗಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಎದ್ದುಹೋದಳು. ನಾನು ನಗಲಿಲ್ಲ. ಕುರ್ಚಿಯನ್ನು ಆ ಹೆಣ್ಣುಮಗಳ ಹತ್ತಿರಕ್ಕೆ ಎಳೆದುಕೊಂಡೆ.

"ಕುಂದ್ರು ತಂಗಿ," ಅಂದೆ. "ಅವಸರ ಮಾಡಬ್ಯಾಡ. ನಾ ಏನ್ ಮಾಡಿದ್ದೆ ಅಂತ ಮೊದಲ ಹೇಳ್ತೀನಿ, ಕೇಳು."